ಮೇಷ್ಟ್ರ ಟಿ.ವಿ. ಗೇಮು ಮತ್ತು ಹದಿನಾರು ಬಿಟ್ಟಿನ ಆಸೆ

ನಮ್ಮ ಮನೆಗೆ ಟಿ.ವಿ. ಗೇಮು ಬಂದದ್ದು ದಾನವಾಗಿ. ಆಗ ನನಗೆ ಹನ್ನೆರಡು ವರ್ಷ. ಕಾಶಿಯ ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿ ನಮ್ಮದು ಮೂರು ಅಂತಸ್ತಿನ, ಒಂದೊಂದು ಅಂತಸ್ತಿಗೆ ಎರಡೇ ಕೋಣೆಗಳ ಮನೆ. ಕೆಳಗೆ ಯಾತ್ರಿಕರು ಇಳಿದುಕೊಳ್ಳುತ್ತಿದ್ದರು, ನಡುವೆ ಅಡುಗೆಮನೆ, ಮೇಲೆ ನಾವು ಮೂವರು. ಅಪ್ಪ ಕರ್ನಾಟಕದಿಂದ ಬರುವವರಿಗೆ ಪುರೋಹಿತರು. ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಕೊಡುವ ವಸ್ತುಗಳೆಲ್ಲ ಅವರ ಕೈಗೆ ಬರುತ್ತಿದ್ದವು. ಕೊಡೆ, ಚೊಂಬು, ಚಪ್ಪಲಿ, ಕಂಬಳಿ, ಒಂದು ಸಲ ಡಬ್ಬಿಯ ಸಮೇತ ಕನ್ನಡಕ.

ಆ ಮಾಘದಲ್ಲಿ ತುಮಕೂರಿನ ಕಡೆಯಿಂದ ಒಬ್ಬ ಅಜ್ಜಿ ತಮ್ಮ ಮಗಳೊಂದಿಗೆ ಬಂದಿದ್ದರು. ಅಜ್ಜಿಯ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು, ಹಿಂದಿನ ವರ್ಷ ಹೋಗಿಬಿಟ್ಟಿದ್ದರು. ಕರ್ಮಗಳೆಲ್ಲ ಮುಗಿದು, ದಾನದ ವಸ್ತುಗಳನ್ನು ಸಾಲಾಗಿ ಇಟ್ಟಾದ ಮೇಲೆ ಅಜ್ಜಿ ಒಂದು ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡು ಸುಮ್ಮನೆ ಕೂತಿದ್ದರು. ನಾನು ಬಾಗಿಲ ಪಕ್ಕದಲ್ಲಿ ಎಲೆ ಒರೆಸುತ್ತಿದ್ದೆ.

"ಚೊಂಬು, ಹಾಸಿಗೆ ಎಲ್ಲಾ ಶಾಸ್ತ್ರಕ್ಕಾಯ್ತು," ಎಂದರು ಅಜ್ಜಿ. "ಅವರಿಗೆ ನಿಜವಾಗಿ ಇಷ್ಟವಾಗಿದ್ದಿದ್ದು ಇದೊಂದೇ. ಕೊಟ್ರೆ ತಪ್ಪಾಗುತ್ತಾ?"

ಅಪ್ಪ ಚೀಲದಿಂದ ಅದನ್ನು ಹೊರಗೆ ತೆಗೆದರು. ಬೂದು ಬಣ್ಣದ ಚಪ್ಪಟೆ ಪೆಟ್ಟಿಗೆ, ಎರಡು ವೈರು, ವೈರುಗಳ ತುದಿಯಲ್ಲಿ ಗುಂಡಿಗಳಿದ್ದ ಸಣ್ಣ ಹಲಗೆಗಳು. "ಇದೇನಮ್ಮ, ರೇಡಿಯೋನಾ?"

ಮಗಳು ವಿವರಿಸಿದರು. ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷ ಮಲಗಿದ್ದಲ್ಲೇ ಇದ್ದರು. ಮೊಮ್ಮಗ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಟಿ.ವಿ. ಗೇಮನ್ನು ಒಂದು ದಿನ ಬೇಸರಕ್ಕೆ ಹಚ್ಚಿಸಿಕೊಂಡರು. ಆಮೇಲೆ ಬಿಟ್ಟದ್ದೇ ಇಲ್ಲ. "ಊಟಕ್ಕೆ ಎಬ್ಬಿಸೋದೇ ಕಷ್ಟ ಆಗ್ತಿತ್ತು. ಎಪ್ಪತ್ತೊಂದು ವರ್ಷದ ಮನುಷ್ಯ," ಎಂದು ಹೇಳುತ್ತಾ ಮಗಳು ನಕ್ಕರು. ಅಜ್ಜಿ ನಗಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದರು.

ಅಪ್ಪ ಅದನ್ನು ಮಿಕ್ಕ ದಾನದ ವಸ್ತುಗಳ ಸಾಲಿನಲ್ಲಿ ಇಟ್ಟರು. ಆಮೇಲೆ, "ಹೋದವರಿಗೆ ಪ್ರಿಯವಾದದ್ದನ್ನೇ ಕೊಡಬೇಕು ಅಂತಲೇ ಇರೋದು. ತಪ್ಪೇನೂ ಇಲ್ಲ," ಎಂದು ಹೇಳಿ, ಅಜ್ಜಿಯ ಕೈಯಿಂದ ತುಳಸಿ ದಳ ಇಡಿಸಿ, ನೀರು ಒಳಕ್ಕೆ ಇಳಿಯದ ಹಾಗೆ ಒಂದೇ ಒಂದು ಹನಿ ಬಿಡಿಸಿದರು. ಮಂತ್ರ ಹೇಳುವಾಗ ಆ ವಸ್ತುವಿನ ಹೆಸರು ಬರಬೇಕಾದ ಜಾಗದಲ್ಲಿ ಅವರು ಒಂದು ಕ್ಷಣ ತಡವರಿಸಿದ್ದು ನನಗೆ ನೆನಪಿದೆ. ಕೊನೆಗೆ "ಕ್ರೀಡಾಯಂತ್ರ" ಎಂದರು.

ಚೀಲದ ತಳದಲ್ಲಿ ಮೂರು ಕ್ಯಾಸೆಟ್ಟುಗಳೂ ಒಂದು ನೋಟ್‌ಬುಕ್ಕೂ ಇದ್ದವು.

*

ಮೇಲಿನ ಕೋಣೆಯ ಕಿಟಕಿ ಹೊಳೆಯ ಕಡೆಗಿತ್ತು. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು ಅಲ್ಲಿಂದ ನಮ್ಮ ಸೂರಿಗೆ ಹಾರುತ್ತಿತ್ತು. ಇಡೀ ಸೂರಿನ ಮೇಲೆ ಬೆಳಕಿನ ಸಣ್ಣ ಸಣ್ಣ ಮಡಿಕೆಗಳು ತೇಲಾಡುತ್ತಿದ್ದವು. ಅದರ ಕೆಳಗೆ ನಮ್ಮ ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ಊಟವಾದ ಮೇಲೆ, ಕರೆಂಟು ಇದ್ದ ದಿನಗಳಲ್ಲಿ, ಅಪ್ಪನೂ ನಾನೂ ಅದರ ಮುಂದೆ ಚಾಪೆ ಹಾಕಿಕೊಂಡು ಕೂರುತ್ತಿದ್ದೆವು. ಸ್ಟೆಬಿಲೈಸರ್ ಗುಂಯ್ ಎನ್ನುತ್ತಿತ್ತು. ಅಮ್ಮ ಕೆಳಗೆ ಪಾತ್ರೆ ತೊಳೆಯುವ ಸದ್ದು ಯಾವುದೋ ಬೇರೆ ಊರಿನಿಂದ ಬಂದ ಹಾಗೆ ಕೇಳುತ್ತಿತ್ತು.

ಮೇಷ್ಟ್ರು ಆಡುತ್ತಿದ್ದದ್ದು ಒಂದೇ ಆಟ. ಕೈಯಲ್ಲಿ ಲಾಟೀನು ಹಿಡಿದ ಒಬ್ಬ ಪುಟ್ಟ ಮನುಷ್ಯ ಗವಿಗಳನ್ನು ದಾಟಿಕೊಂಡು ಹೋಗಬೇಕು. ಲಾಟೀನಿನ ಸುತ್ತ ಒಂದಿಷ್ಟು ಜಾಗ ಮಾತ್ರ ಕಾಣುತ್ತದೆ, ಮಿಕ್ಕಿದ್ದೆಲ್ಲ ಕತ್ತಲೆ. ನಡೆದ ಹಾಗೆಲ್ಲ ಎಣ್ಣೆ ಕಡಿಮೆಯಾಗುತ್ತದೆ, ಬೆಳಕಿನ ವೃತ್ತ ಕುಗ್ಗುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಎಣ್ಣೆಯ ಗಡಿಗೆಗಳಿರುತ್ತವೆ. ಹೀಗೆ ಇಪ್ಪತ್ತನಾಲ್ಕು ಗವಿಗಳು. ಒಂದೊಂದು ಗವಿ ಮುಗಿದಾಗಲೂ ಪರದೆಯ ಮೇಲೆ ನಾಲ್ಕು ಅಕ್ಷರಗಳ ಒಂದು ಗುಟ್ಟಿನ ಪದ ಬರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮಾರನೆಯ ದಿನ ಅಲ್ಲಿಂದಲೇ ಮುಂದುವರಿಸಬಹುದು.

ಮೇಷ್ಟ್ರು ಆ ಪದಗಳನ್ನು ಬರೆದಿಟ್ಟಿದ್ದರು. ಜೊತೆಗೆ ಒಂದೊಂದು ಗವಿಯ ನಕ್ಷೆಯನ್ನೂ ಚೌಕುಳಿ ಹಾಳೆಯ ಮೇಲೆ ಸ್ಕೇಲಿಟ್ಟು ಬರೆದು, ಕೆಳಗೆ ಗುಂಡಾದ ಅಕ್ಷರಗಳಲ್ಲಿ ಟಿಪ್ಪಣಿ ಹಾಕಿದ್ದರು. ಆ ಟಿಪ್ಪಣಿಗಳು ಕನ್ನಡದಲ್ಲಿದ್ದವು. ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸ್ಕೂಲಿನಲ್ಲಿ ಹಿಂದಿ, ಗಲ್ಲಿಯಲ್ಲಿ ಹಿಂದಿ, ಸಿಟ್ಟು ಬಂದರೆ ಭೋಜಪುರಿ. ಅಪ್ಪ ಒಂದೆರಡು ವರ್ಷ ಅಕ್ಷರ ಕಲಿಸಲು ನೋಡಿ, ನಾನು ಅತ್ತು ಕರೆದು, ಕೈಬಿಟ್ಟಿದ್ದರು. ಈಗ ಎರಡನೆಯ ಗವಿಯಲ್ಲೇ ನಾವು ಸಿಕ್ಕಿಬಿದ್ದಾಗ ಅಪ್ಪ ಕನ್ನಡಕ ಏರಿಸಿಕೊಂಡು ಓದಿದರು: "ಇಲ್ಲಿ ನಮ್ಮವನು ಅವಸರ ಮಾಡಬಾರದು. ಬಾವಲಿ ಮೂರು ಸಲ ಹಾರಿಹೋಗಲಿ."

ಲಾಟೀನಿನವನನ್ನು ಮೇಷ್ಟ್ರು "ನಮ್ಮವನು" ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯತೊಡಗಿದೆವು.

ಅಪ್ಪ ಮಧ್ಯಾಹ್ನ ಬರುವುದು ತಡವಾದ ದಿನ ನನಗೆ ಕಾಯಲು ಆಗುತ್ತಿರಲಿಲ್ಲ. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ. ಮೊದಲು "ನಮ್ಮವನು" ಗುರುತಾಯಿತು, ಪ್ರತಿ ಪುಟದಲ್ಲೂ ಇತ್ತಲ್ಲ. ಆಮೇಲೆ "ಬಾಗಿಲು", "ಎಣ್ಣೆ", "ಹಾರಬೇಕು". ಹೋಳಿ ಹಬ್ಬದ ಹೊತ್ತಿಗೆ ನಾನು ಇಡೀ ಪುಟ ಓದುತ್ತಿದ್ದೆ. ಅಪ್ಪ ಒಂದು ದಿನ ಮೆಟ್ಟಿಲಲ್ಲೇ ನಿಂತು ನಾನು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡರಂತೆ. ನನಗೆ ಏನೂ ಹೇಳಲಿಲ್ಲ. ಅಮ್ಮನಿಗೆ ಹೇಳಿದರು, ಅಮ್ಮ ನನಗೆ ಹೇಳಿದಳು.

ಮೇಷ್ಟ್ರ ಮನೆಯಲ್ಲಿ ಕಲರ್ ಟಿ.ವಿ. ಇತ್ತು ಅನ್ನುವುದು ಏಳನೆಯ ಗವಿಯಲ್ಲಿ ಗೊತ್ತಾಯಿತು. "ಕೆಂಪು ಬಾಗಿಲು ಬೇಡ, ನೀಲಿ ಬಾಗಿಲಿಗೆ ಹೋಗಬೇಕು" ಎಂದು ಬರೆದಿದ್ದರು. ನಮ್ಮ ಪರದೆಯ ಮೇಲೆ ಎರಡೂ ಬಾಗಿಲು ಬೂದಿ ಬಣ್ಣಕ್ಕಿದ್ದವು. ಅಪ್ಪ ಪರದೆಯ ಹತ್ತಿರ ಹೋಗಿ, ದೂರ ಬಂದು, ಕಣ್ಣು ಕಿರಿದು ಮಾಡಿ ನೋಡಿ, "ಎಡಗಡೆದು ಸ್ವಲ್ಪ ತಂಪಾಗಿದೆ ಅಲ್ವಾ?" ಎಂದರು. ಅದೇ ನೀಲಿ. ಹಾಗೆ ನಾವು ಬೂದಿಯೊಳಗಿನ ಬಣ್ಣ ಹುಡುಕುವುದನ್ನು ಕಲಿತೆವು.

ಅಪ್ಪನಿಗೆ ಈ ಆಟ ಯಾಕೆ ಇಷ್ಟು ಹಿಡಿಸಿತು ಎಂದು ಒಮ್ಮೆ ಕೇಳಿದೆ. ಅವರ ಬೆರಳಲ್ಲಿ ಇನ್ನೂ ಬೆಳಗಿನ ದರ್ಭೆಯ ಗುರುತಿತ್ತು. "ಬೆಳಿಗ್ಗೆಯಿಂದ ಎಷ್ಟು ಜನರ ಹೆಸರು ಹೇಳಿರ್ತೀನಿ ಪುಟ್ಟಿ. ಅವರಪ್ಪನ ಹೆಸರು, ಅಜ್ಜನ ಹೆಸರು, ಗೋತ್ರ. ಒಂದು ತಪ್ಪಿದ್ರೂ ಆಗಲ್ಲ. ಇವನಿಗೆ ಹೆಸರೇ ಇಲ್ಲ ನೋಡು," ಎಂದು ಹೇಳಿ ಗುಂಡಿ ಒತ್ತಿದರು.

ನೋಟ್‌ಬುಕ್ಕು ಹತ್ತೊಂಬತ್ತನೆಯ ಗವಿಯ ಪದದ ಜೊತೆಗೆ ನಿಂತುಹೋಗಿತ್ತು. ಅದರ ಕೆಳಗೆ ಇಷ್ಟೇ ಇತ್ತು: "ಇಪ್ಪತ್ತನೆಯದರಲ್ಲಿ ಎರಡು ದಾರಿ. ಮೇಲಿನದು ಸರಿ ಅನ್ನಿಸುತ್ತದೆ. ನಾಳೆ ನೋಡಬೇಕು." ಆಮೇಲಿನ ಹಾಳೆಗಳು ಖಾಲಿ.

*

ಯುಗಾದಿಯ ದಿನ ಯೂನಿವರ್ಸಿಟಿಯ ಕ್ವಾರ್ಟರ್ಸಿನಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದೆವು. ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಮೈಸೂರಿನವರೊಬ್ಬರ ಮಗಳು ನನ್ನ ಗೆಳತಿ. ಊಟ ಮುಗಿದ ಕೂಡಲೇ ಅವಳು ನನ್ನ ಕೈ ಹಿಡಿದು ಒಳಕ್ಕೆ ಎಳೆದುಕೊಂಡು ಹೋದಳು.

"ಕಾಕಾ ನೇಪಾಲ್‌ಸೆ ತಂದ್ರು. ದೇಖ್," ಎಂದಳು. ಚಿಕ್ಕಪ್ಪ ನೇಪಾಳದಿಂದ ತಂದದ್ದು, ನೋಡು ಎಂದು. ನಾವು ಮಾತಾಡುತ್ತಿದ್ದದ್ದೇ ಹಾಗೆ, ಅರ್ಧ ಹಿಂದಿ, ಅರ್ಧ ಕನ್ನಡ.

ಕಪ್ಪು ಬಣ್ಣದ, ಬಾಗುಬಾಗಿನ ಅಂಚಿನ ಪೆಟ್ಟಿಗೆ. ಹದಿನಾರು ಬಿಟ್ಟಿನದು ಎಂದಳು. ನಮ್ಮದು ಎಂಟು ಬಿಟ್ಟಿನದು ಎಂದು ನನಗೆ ಅಂದೇ ಗೊತ್ತಾದದ್ದು. ಬಿಟ್ ಎಂದರೇನೆಂದು ಇಬ್ಬರಿಗೂ ತಿಳಿಯದು. ಆದರೆ ಹದಿನಾರು ಎಂಟರ ಎರಡರಷ್ಟು.

ಅವಳು ಸ್ವಿಚ್ ಹಾಕಿದಳು. ಪರದೆಯ ಮೇಲೆ ಒಂದು ಬೆಳಗಾಯಿತು. ಹಾಗಲ್ಲದೆ ಬೇರೆ ರೀತಿಯಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ದೂರದಲ್ಲಿ ಬೆಟ್ಟಗಳು ನಿಧಾನವಾಗಿ ಸರಿಯುತ್ತಿದ್ದವು, ಅವುಗಳ ಮುಂದೆ ಮರಗಳು ಸ್ವಲ್ಪ ಬೇಗ, ಮರಗಳ ಮುಂದೆ ಹುಲ್ಲು ಇನ್ನೂ ಬೇಗ. ಅದರ ನಡುವೆ ಒಂದು ನರಿ ಓಡುತ್ತಿತ್ತು, ಅದರ ಬಾಲದ ಕೂದಲು ಗಾಳಿಗೆ ಹಾರುತ್ತಿತ್ತು. ಸಂಗೀತದಲ್ಲಿ ನಿಜವಾದ ತಬಲಾದಂಥ ಸದ್ದು. ನಾನು ಮುಟ್ಟಲೇ ಇಲ್ಲ, ಸುಮ್ಮನೆ ನೋಡಿದೆ. ರೈಲಿನ ಕಿಟಕಿಯಲ್ಲಿ ಕೂತು ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಮನೆಗೆ ಹೊರಡುವಾಗ ಅಮ್ಮ ಎರಡು ಸಲ ಕೂಗಬೇಕಾಯಿತು.

ವಾಪಸು ಬರುವಾಗ ಸೈಕಲ್ ರಿಕ್ಷಾದಲ್ಲಿ ಅಪ್ಪ ಅಮ್ಮನ ನಡುವೆ ಕೂತಿದ್ದೆ. ಅಸ್ಸಿ ಘಾಟಿನ ಹತ್ತಿರ ಬೇವಿನ ಮರಗಳು ಹೂ ಬಿಟ್ಟಿದ್ದವು. ಹಿಂದಿನ ಮನೆಗಳು ನಿಧಾನ, ಮುಂದಿನ ಮರಗಳು ಬೇಗ, ರಸ್ತೆಯ ಪಕ್ಕದ ಹಸುಗಳು ಇನ್ನೂ ಬೇಗ ಹಿಂದಕ್ಕೆ ಹೋಗುತ್ತಿದ್ದವು. ಪ್ರಪಂಚ ಯಾವಾಗಲೂ ಹೀಗೆಯೇ ಸರಿಯುತ್ತಿತ್ತು ಎಂದು ಆ ದಿನದವರೆಗೆ ನಾನು ಗಮನಿಸಿಯೇ ಇರಲಿಲ್ಲ.

ಮಾರನೆಯ ಮಧ್ಯಾಹ್ನ ನಮ್ಮವನು ಬಹಳ ಚಪ್ಪಟೆಯಾಗಿ ಕಂಡ. ನಾನು ಹಲಗೆಯನ್ನು ಚಾಪೆಯ ಮೇಲಿಟ್ಟುಬಿಟ್ಟೆ. ಅಪ್ಪ ಒಬ್ಬರೇ ಆಡಿದರು.

*

ಒಂದು ವಾರದಲ್ಲಿ ನಮ್ಮ ಪೆಟ್ಟಿಗೆಯ ಅಡಾಪ್ಟರು ಸುಟ್ಟುಹೋಯಿತು. ಅದನ್ನು ರಿಪೇರಿ ಮಾಡಿಸಲು ಅಪ್ಪನ ಜೊತೆ ದಾಲ್‌ಮಂಡಿಗೆ ಹೋದೆ. ಗೋದೌಲಿಯಾದಿಂದ ಒಳಗೆ ಹೊಕ್ಕರೆ ಆ ಗಲ್ಲಿಯಲ್ಲಿ ಟೇಪ್‌ರೆಕಾರ್ಡರು, ಗಡಿಯಾರ, ಸೀರಿಯಲ್ ಲೈಟು, ಎಲ್ಲದರ ಅಂಗಡಿಗಳು ಒಂದರ ಮೇಲೊಂದು ಬಿದ್ದ ಹಾಗಿದ್ದವು. ಅಂಗಡಿಯಾತ ವಯಸ್ಸಾದವರು, ಬಿಳಿ ಗಡ್ಡ, ಮಾತು ಮೆತ್ತಗೆ. ಸೋಲ್ಡರ್ ಮಾಡುತ್ತಲೇ ಅವರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿಬಿಟ್ಟರು. ಅವರ ಹಿಂದಿನ ಶೆಲ್ಫಿನಲ್ಲಿ ಅದೇ ಕಪ್ಪು ಪೆಟ್ಟಿಗೆ ಇತ್ತು.

"ಬಿಟಿಯಾ ಕೋ ವೋ ಪಸಂದ್ ಹೈ," ಎಂದು ನಕ್ಕರು. ಹುಡುಗಿಗೆ ಅದು ಇಷ್ಟವಾಗಿದೆ. ಹಳೆಯದನ್ನೂ ಅದರ ಕ್ಯಾಸೆಟ್ಟುಗಳನ್ನೂ ಕೊಟ್ಟರೆ ಹೊಸದರ ಬೆಲೆಯಲ್ಲಿ ಅರ್ಧಕ್ಕರ್ಧ ಬಿಡುತ್ತೇನೆ ಎಂದರು. ಹಳೆಯ ಕ್ಯಾಸೆಟ್ಟುಗಳು ಹೊಸದಕ್ಕೆ ಕೂರುವುದಿಲ್ಲ, ಇಟ್ಟುಕೊಂಡು ಪ್ರಯೋಜನವೂ ಇಲ್ಲ ಎಂದರು. ಆಮೇಲೆ ಪ್ರಾಮಾಣಿಕವಾಗಿ ಒಂದು ಪ್ರಶ್ನೆ ಕೇಳಿದರು: "ಪಂಡಿತ್‌ಜೀ, ಟಿ.ವಿ. ರಂಗೀನ್ ಹೈ?"

ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಎಂದು ಅಪ್ಪ ಹೇಳಿದರು. ಅವರು ತಲೆಯನ್ನು ಸ್ವಲ್ಪ ಒಂದು ಕಡೆಗೆ ವಾಲಿಸಿದರು. "ಯೋಚನೆ ಮಾಡಿ ಬನ್ನಿ" ಅನ್ನುವ ಹಾಗೆ.

ವಾಪಸು ಬರುವಾಗ ನಾನು ತಿರುಗಿ ತಿರುಗಿ ಹಿಂದಕ್ಕೆ ನೋಡುತ್ತಾ ನಡೆದೆ. ಜಂಗಮವಾಡಿಯ ಹತ್ತಿರ ಅಪ್ಪ, "ಬೇಕಾ?" ಎಂದರು.

"ಹೂಂ."

"ಬಣ್ಣ ಕಾಣಲ್ಲ."

"ನಂಗೆ ಗೊತ್ತಲ್ಲಪ್ಪ, ಯಾವುದು ಯಾವ ಬಣ್ಣ ಅಂತ. ಅಲ್ಲಿ ನೋಡಿದೀನಿ."

ಅಪ್ಪ ನನ್ನ ಕೈ ಹಿಡಿದು ರಸ್ತೆ ದಾಟಿಸಿದರು. ಮನೆಯಲ್ಲಿ ಅಮ್ಮನ ಮುಂದೆ ವಿಷಯ ತೆಗೆದರು. ಅಪ್ಪನಿಗೆ ಅಡ್ಡ ಬಂದದ್ದು ದುಡ್ಡಲ್ಲ. ಆ ವರ್ಷ ಯಾತ್ರಿಕರು ಚೆನ್ನಾಗಿ ಬಂದಿದ್ದರು.

"ಅದು ದಾನ ತಗೊಂಡಿದ್ದು ಕಣೇ. ಆ ಹೆಂಗಸು ಎದೆಗೆ ಅವುಚಿಕೊಂಡು ತಂದಿದ್ರು. ಅದನ್ನ ಅಂಗಡೀಲಿ ಕೊಟ್ಟು ಬೇರೆ ತಗೊಳ್ಳೋದು ಅಂದ್ರೆ..."

ಅಮ್ಮ ತೊಗರಿಬೇಳೆ ಆರಿಸುತ್ತಿದ್ದಳು. ತಲೆ ಎತ್ತದೆ, "ಮಂಚ ಏನ್ ಮಾಡ್ತೀರಿ?" ಎಂದಳು.

"ಯಾವ ಮಂಚ?"

"ದಾನ ಬರೋ ಮಂಚಗಳು. ಚೌಕಿನ ಅಂಗಡಿಯವನು ವಾಪಸ್ ತಗೊಂಡು ಹೋಗಲ್ವಾ? ಅದೇ ಮಂಚ ಇನ್ನೊಬ್ಬರಿಗೆ ಬರುತ್ತೆ. ಕೊಡೆ ಮಾರಿದೀವಿ, ಚೊಂಬು ಮಾರಿದೀವಿ. ಇದೊಂದಕ್ಕೆ ಏನು ಬಂತು?"

ಅಮ್ಮನ ಮಾತು ನನ್ನ ಪರವಾಗಿಯೇ ಇತ್ತು, ಆದರೂ ಅದನ್ನು ಕೇಳಿ ನನಗೆ ಹಿತವೆನ್ನಿಸಲಿಲ್ಲ. ನನಗೆ ಆ ಗುಂಡಾದ ಅಕ್ಷರಗಳು ಕಣ್ಣಿಗೆ ಬಂದವು. ಮಂಚಗಳ ಜೊತೆ ಯಾರೂ ನೋಟ್‌ಬುಕ್ ಕೊಟ್ಟಿರಲಿಲ್ಲ. ಹೊಸದು ಬೇಕೇ ಬೇಕಿತ್ತು, ಹಳೆಯದನ್ನು ಕೊಟ್ಟುಬಿಡುವ ಗಳಿಗೆಯೂ ಬರಬಾರದಿತ್ತು. ಎರಡೂ ಆಸೆ ಒಂದೇ ಹೊಟ್ಟೆಯಲ್ಲಿದ್ದವು. ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಬಿಸಿಲಿಗೆ ಇರಬೇಕೆಂದು ಬೇಲದ ಹಣ್ಣಿನ ಪಾನಕ ಮಾಡಿಕೊಟ್ಟಳು.

ಮೂರನೆಯ ದಿನ ಅಪ್ಪ ಒಂದು ತೀರ್ಮಾನ ಹೇಳಿದರು. "ಮೇಷ್ಟ್ರು ಐದು ಗವಿ ಬಾಕಿ ಬಿಟ್ಟು ಹೋಗಿದಾರೆ. ಮೊದಲು ಅದನ್ನ ಮುಗಿಸೋಣ. ಆಮೇಲೆ ಇಟ್ಟುಕೊಳ್ಳೋದೋ, ಬದಲಾಯಿಸೋದೋ, ನೀನೇ ಹೇಳು. ನಾನು ಅಡ್ಡ ಬರಲ್ಲ."

*

ಇಪ್ಪತ್ತನೆಯ ಗವಿಗೆ ಆ ಬೇಸಿಗೆಯ ಬಹುಪಾಲು ಹೋಯಿತು.

ಎರಡು ದಾರಿಗಳಿದ್ದವು, ಮೇಷ್ಟ್ರು ಬರೆದ ಹಾಗೆ. ಕೆಳಗಿನದರಲ್ಲಿ ಎಣ್ಣೆಯ ಗಡಿಗೆಗಳು ಧಾರಾಳವಾಗಿದ್ದವು. ಅದು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ತಂದು ಬಿಡುತ್ತಿತ್ತು. ಮೇಲಿನದರಲ್ಲಿ ಒಂದು ಗಡಿಗೆಯೂ ಇರಲಿಲ್ಲ. ಅರ್ಧ ದಾರಿಗೆ ಲಾಟೀನಿನ ಬೆಳಕು ಕುಗ್ಗಿ, ಬೊಟ್ಟಿನಷ್ಟಾಗಿ, ಆರಿಹೋಗುತ್ತಿತ್ತು. ಪರದೆ ಪೂರ್ತಿ ಕಪ್ಪಾದ ತಕ್ಷಣ ನಾವು ಮುಗಿಯಿತೆಂದುಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆವು. ಎಷ್ಟು ಸಲ ಹಾಗೆ ಮಾಡಿದೆವೋ. ಹೊರಗೆ ಲೂ ಎನ್ನುವ ಬಿಸಿಗಾಳಿ ಬೀಸುತ್ತಿತ್ತು, ಘಾಟಿನ ಕಲ್ಲುಗಳು ಕಾವಲಿಯ ಹಾಗೆ ಕಾದಿದ್ದವು, ಗಲ್ಲಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಕಿಟಕಿಗೆ ಒದ್ದೆ ಮಾಡಿದ ಲಾವಂಚದ ತಟ್ಟಿ ಕಟ್ಟಿದ್ದೆವು. ಅದರ ವಾಸನೆಯಲ್ಲಿ, ಅರೆಗತ್ತಲಲ್ಲಿ, ನಾನು ಎಷ್ಟೋ ಸಲ ಆಡುತ್ತಾ ಆಡುತ್ತಾ ನಿದ್ದೆಹೋಗಿ, ಕನಸಿನಲ್ಲಿ ಅದೇ ಗವಿಯಲ್ಲಿ ನಡೆಯುತ್ತಿದ್ದೆ. ಕನಸಿನಲ್ಲಿ ಮೇಷ್ಟ್ರೂ ಬರುತ್ತಿದ್ದರು. ನಾನು ಅವರನ್ನು ಕಂಡಿರಲಿಲ್ಲವಾದ್ದರಿಂದ ಅವರಿಗೆ ಮುಖವಿರಲಿಲ್ಲ, ಪಂಚೆ ಮಾತ್ರ ಇತ್ತು. ಅವರು ಚೆನ್ನಾಗಿ ನಡೆಯುತ್ತಿದ್ದರು.

ಒಂದು ಮಧ್ಯಾಹ್ನ ಅಪ್ಪ ಆಡುತ್ತಿದ್ದಾಗ ಲಾಟೀನು ಆರಿತು. ಅದೇ ಹೊತ್ತಿಗೆ ಕೆಳಗಿನಿಂದ ಅಮ್ಮ ಏನೋ ಕೇಳಿದಳು. ಅಪ್ಪ ಅತ್ತ ತಿರುಗಿ ಉತ್ತರ ಕೊಡುವಾಗ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಕಪ್ಪು ಪರದೆಯಿಂದ ಟಿಕ್, ಟಿಕ್, ಟಿಕ್ ಎಂದು ಸದ್ದು ಬರುತ್ತಿತ್ತು.

"ಅಪ್ಪಾ, ನಡೀತಿದಾನೆ!" ಎಂದು ಕೂಗಿದೆ.

ಅಪ್ಪ ತಿರುಗಿ ನೋಡಿದರು. ನೋಡುವುದಕ್ಕೆ ಏನೂ ಇರಲಿಲ್ಲ. ನಮ್ಮವನ ಹೆಜ್ಜೆಯ ಸದ್ದು ಮಾತ್ರ. ಎಣ್ಣೆ ಮುಗಿದರೆ ಸತ್ತೇಹೋದ ಎಂದು ನಾವು ಅಷ್ಟು ದಿನ ಅಂದುಕೊಂಡಿದ್ದೆವು, ಅವನು ಸತ್ತಿರಲೇ ಇಲ್ಲ. ಅಪ್ಪ ಉಸಿರು ಬಿಗಿಹಿಡಿದು ಗುಂಡಿ ಒತ್ತಿಕೊಂಡೇ ಇದ್ದರು. ನಾನು ಹೆಜ್ಜೆ ಎಣಿಸಿದೆ. ಅರವತ್ತರ ನಂತರ ಸದ್ದು ಬದಲಾಯಿತು, ಮರದ ಸೇತುವೆಯ ಮೇಲೆ ನಡೆದ ಹಾಗೆ. "ಹಾರಬೇಡ, ಹಾರಬೇಡ," ಎಂದು ಅಪ್ಪ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕತ್ತಲೆಯಲ್ಲಿ ಒಂದು ಬಾಗಿಲು ತೆರೆದು, ಪರದೆಯ ತುಂಬ ಬಿಳಿ ಬೆಳಕು.

ಅಪ್ಪ ಎದ್ದು ನಿಂತುಬಿಟ್ಟರು. "ಮೇಲಿನದೇ ಸರಿ! ಮೇಷ್ಟ್ರು ಹೇಳಿದ್ದು ಸರಿ!" ಎಂದು ಜೋರಾಗಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೆಳಗಿದ್ದ ದಾವಣಗೆರೆಯ ಯಾತ್ರಿಕರು ಏನಾಯಿತೆಂದು ಮೆಟ್ಟಿಲ ಬಳಿ ಬಂದು ನೋಡಿದರು.

ಬಂದ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಅಪ್ಪ ಪೆನ್ನನ್ನು ನನಗೆ ಕೊಟ್ಟರು. ಖಾಲಿ ಹಾಳೆಯಲ್ಲಿ, ಮೇಷ್ಟ್ರ ಅಕ್ಷರಗಳ ಕೆಳಗೆ, ನಾನು ನನ್ನ ಜೀವಮಾನದ ಮೊದಲ ಕನ್ನಡ ವಾಕ್ಯ ಬರೆದೆ: "ದೀಪ ಆರಿದರೂ ನಮ್ಮವನು ನಡೆಯುತ್ತಾನೆ." ಳ, ಲ ಎರಡರಲ್ಲಿ ಯಾವುದು ಎಲ್ಲಿ ಎಂದು ನನಗೆ ಆಗಿನ್ನೂ ಗೊತ್ತಿರಲಿಲ್ಲ. ಆ ವಾಕ್ಯದಲ್ಲಿ ಪುಣ್ಯಕ್ಕೆ ಎರಡೂ ಬರಲಿಲ್ಲ.

ಮಿಕ್ಕ ನಾಲ್ಕು ಗವಿಗಳು ಮಳೆಗಾಲದಲ್ಲಿ ಮುಗಿದವು. ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೆಳಗಿನ ಗುಡಿಗಳನ್ನು ಮುಚ್ಚಿತ್ತು, ಯಾತ್ರಿಕರು ಕಡಿಮೆಯಾಗಿದ್ದರು, ಅಪ್ಪನಿಗೆ ಮಧ್ಯಾಹ್ನಗಳು ಉದ್ದವಾಗಿದ್ದವು. ಇಪ್ಪತ್ತನಾಲ್ಕನೆಯ ಗವಿಯ ಆಚೆ ಒಂದು ಪುಟ್ಟ ಮನೆ ಇತ್ತು. ನಮ್ಮವನು ಒಳಗೆ ಹೋಗಿ, ಲಾಟೀನನ್ನು ಗೋಡೆಯ ಗೂಡಿನಲ್ಲಿಟ್ಟು, ಬಾಗಿಲು ಹಾಕಿಕೊಂಡ. ಅಷ್ಟೇ. ನಾವು ಇನ್ನೇನಾದರೂ ಆಗುತ್ತದೆಂದು ತುಂಬ ಹೊತ್ತು ನೋಡುತ್ತಾ ಕೂತೆವು. ಕಿಟಕಿಯ ಹೊರಗೆ ಕೆಂಪು ನೀರು ಸದ್ದಿಲ್ಲದೆ ಹೋಗುತ್ತಿತ್ತು.

*

"ಅವರಿಗೊಂದು ಕಾಗದ ಹಾಕು," ಎಂದರು ಅಪ್ಪ. "ನೀನೇ ಬರಿ."

ಪೋಸ್ಟ್‌ಕಾರ್ಡಿನಲ್ಲಿ ನಾನು ತುಮಕೂರಿನ ಅಜ್ಜಿಗೆ ಬರೆದೆ. ಇಪ್ಪತ್ತನೆಯದರಲ್ಲಿ ಮೇಲಿನ ದಾರಿಯೇ ಸರಿ ಎಂದು, ಆಟ ಮುಗಿಯಿತೆಂದು, ನಮ್ಮವನು ಮನೆ ಸೇರಿದ ಎಂದು. ಕೊನೆಗೆ, ಅಪ್ಪನಿಗೆ ತೋರಿಸದೆ, ಒಂದು ಸಾಲು ಸೇರಿಸಿದೆ: ನಿಮ್ಮ ಯಂತ್ರವನ್ನು ಅಂಗಡಿಯಲ್ಲಿ ಕೊಟ್ಟು ಹೆಚ್ಚು ಶಕ್ತಿಯದನ್ನು ತರಬೇಕೆಂದು ನನಗೆ ಆಸೆಯಿದೆ, ನಿಮಗೆ ಬೇಜಾರಾಗುತ್ತದೆಯೇ?

ಉತ್ತರ ಬರಲು ಮೂರು ವಾರ ಹಿಡಿಯಿತು. ಹೊಳೆ ಇಳಿದು, ಮೆಟ್ಟಿಲುಗಳ ಮೇಲಿನ ಕೆಸರನ್ನು ಜನ ನೀರು ಹೊಡೆದು ತೊಳೆಯುತ್ತಿದ್ದ ದಿನ ಅಂಚೆಯವರು ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಕೊಟ್ಟು ಹೋದರು. ಅಜ್ಜಿ ಹೇಳಿ ಮಗಳು ಬರೆದದ್ದು. ನಾನೇ ಗಟ್ಟಿಯಾಗಿ ಓದಿದೆ.

ಮೇಲಿನ ದಾರಿ ಸರಿಯಾಯಿತೆಂದು ಕೇಳಿ ಸಂತೋಷವಾಯಿತು ಎಂದಿತ್ತು. ಅವರು ಹೋಗುವ ಹಿಂದಿನ ದಿನ ಮಧ್ಯಾಹ್ನವೂ ಅದನ್ನೇ ಮಾತಾಡುತ್ತಿದ್ದರಂತೆ. ಆಮೇಲೆ: "ಮಗೂ, ಧಾರಾಳವಾಗಿ ಬದಲಾಯಿಸು. ನಮ್ಮೆಜಮಾನರಿಗೆ ಹಳೆಯದನ್ನು ಕಟ್ಟಿಕೊಂಡು ಕೂರುವ ಸ್ವಭಾವವೇ ಇರಲಿಲ್ಲ. ಬಾವಿಗೆ ಮೊದಲು ಮೋಟಾರ್ ಹಾಕಿಸಿದವರು ನಮ್ಮ ಬೀದಿಯಲ್ಲಿ ಅವರೇ. ಹೊಸ ಮೆಷೀನು ಬಂದಿದೆಯಂತೆ, ಅದರ ವಿಷಯ ವಿಚಾರಿಸು ಎಂದು ಮೊಮ್ಮಗನಿಗೆ ಕಾಗದ ಬರೆಸಿದ್ದರು. ಉತ್ತರ ಬರುವಷ್ಟರಲ್ಲಿ ಹೀಗಾಯಿತು."

ಅಪ್ಪ ಕಾಗದವನ್ನು ಮಡಿಸಿ ಪಂಚಾಂಗದೊಳಗೆ ಇಟ್ಟರು. "ಹಾಗಾದ್ರೆ?" ಎಂದರು ನನ್ನ ಕಡೆ ನೋಡಿ.

ಹೇಳಬೇಕಾದವಳು ನಾನು. ಆ ಗಳಿಗೆಯಲ್ಲಿ ಗೆಳತಿಯ ಮನೆಯ ಬೆಟ್ಟಗಳೂ, ಬೂದು ಪೆಟ್ಟಿಗೆಯ ಮೇಲೆ ಮೇಷ್ಟ್ರ ಬೆರಳು ತಾಗಿ ತಾಗಿ ಸವೆದಿದ್ದ ಜಾಗವೂ ಒಟ್ಟಿಗೇ ಕಣ್ಣೆದುರಿಗಿದ್ದವು. ಅಪ್ಪ ಬೇಡವೆಂದಿದ್ದರೆ ಅಳಬಹುದಿತ್ತು, ಅದು ಸುಲಭ. "ಬದಲಾಯಿಸೋಣ," ಎಂದೆ. ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು.

ಮಾರನೆಯ ದಿನವೇ ದಾಲ್‌ಮಂಡಿಗೆ ಹೋದೆವು. ಅಂಗಡಿಯಾತ ಬೂದು ಪೆಟ್ಟಿಗೆಯನ್ನು ಹಚ್ಚಿ ನೋಡಿ, ವೈರುಗಳನ್ನು ಅಚ್ಚುಕಟ್ಟಾಗಿ ಸುತ್ತಿ, ಇನ್ನೂ ಐದಾರು ಹಳೆಯ ಪೆಟ್ಟಿಗೆಗಳ ಮೇಲಿಟ್ಟರು. ಕ್ಯಾಸೆಟ್ಟುಗಳನ್ನು ಡ್ರಾಯರಿಗೆ ಹಾಕಿದರು. ನೋಟ್‌ಬುಕ್ಕನ್ನು ಕೊಡಬೇಕೋ ಬೇಡವೋ ಎಂದು ಅಪ್ಪ ಅಷ್ಟು ಹೊತ್ತೂ ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಆಟವನ್ನು ಕೊಳ್ಳುವವರಿಗೆ ಬೇಕಾಗಬಹುದು ಎಂದು ಅವರ ಯೋಚನೆ. ಅಂಗಡಿಯಾತ ತೆರೆದು ನೋಡಿ, "ಯೇ ಕೌನ್ ಪಢೇಗಾ ಯಹಾಂ?" ಎಂದು ಮೆತ್ತಗೆ ಕೇಳಿ ವಾಪಸು ಕೊಟ್ಟರು. ಇದನ್ನು ಇಲ್ಲಿ ಯಾರು ಓದುತ್ತಾರೆ. ನನಗೆ ಮನಸ್ಸಿನ ಭಾರ ಅರ್ಧ ಇಳಿಯಿತು.

ಹೊಸದನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಬಂದೆ. ಮೇಲಿನ ಕೋಣೆಯಲ್ಲಿ ಅಪ್ಪ ವೈರು ಜೋಡಿಸಿದರು. ಬೆಟ್ಟಗಳು ಬಂದವು, ಬೂದಿಯ ನಾನಾ ಛಾಯೆಗಳಲ್ಲಿ, ಆದರೂ ಒಂದು ನಿಧಾನ, ಒಂದು ಬೇಗ ಸರಿದವು. ಜೊತೆಗೆ ಕೊಟ್ಟಿದ್ದ ಕ್ಯಾಸೆಟ್ಟು ಕಾರ್ ರೇಸಿನದು, ಗುಡ್ಡದ ರಸ್ತೆಯಲ್ಲಿ ತಿರುವುಗಳು. ಅಪ್ಪ ಮೂರು ಸಲ ಆಡಿ ನೋಡಿದರು. ಮೂರು ಸಲವೂ ಮೊದಲ ತಿರುವಿನಲ್ಲೇ ಕಣಿವೆಗೆ ಬಿದ್ದರು. "ಇದು ನನ್ನ ಕೈಗೆ ಸಿಗಲ್ಲ ಪುಟ್ಟಿ. ಬಹಳ ಬೇಗ," ಎಂದು ಹೇಳಿ ಹಿಂದಕ್ಕೆ ಸರಿದು ಗೋಡೆಗೆ ಒರಗಿದರು. ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಆದರೆ ಇನ್ನು ಮೇಲೆ ಮಧ್ಯಾಹ್ನ ಒಟ್ಟಿಗೆ ಚಾಪೆಯ ಮೇಲೆ ಕೂರುವುದು ಮುಗಿಯಿತೇನೋ ಅನ್ನಿಸಿತು ನನಗೆ. ಅಂಗಡಿ ಇನ್ನೂ ತೆರೆದಿರುತ್ತದೆ, ಓಡಿಹೋಗಿ ವಾಪಸು ತರಬಹುದು ಎಂದೂ ಯೋಚಿಸಿದೆ.

ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ನನ್ನ ಪಕ್ಕ ಕೂತು, "ಕೊಡು ಇಲ್ಲಿ," ಎಂದಳು.

"ನೀನಾ?" ಎಂದರು ಅಪ್ಪ. "ಇಷ್ಟು ದಿನ ಒಂದು ದಿನವೂ ಮುಟ್ಟಲಿಲ್ಲವಲ್ಲ."

"ಅದು ಹೋದವರದ್ದು. ನಂಗೆ ಕೈಗೆ ತಗೊಳ್ಳೋಕೆ ಮನಸ್ಸು ಬರ್ತಿರಲಿಲ್ಲ. ಈ ಮನೆಗೆ ಬಂದಾಗಿಂದ ಕೊಡೆಯಿಂದ ಹಿಡಿದು ಹಾಸೋ ಕಂಬಳಿವರೆಗೂ ಯಾರೋ ಹೋದವರದ್ದೇ," ಎಂದಳು ಅಮ್ಮ, ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ. "ಇದು ಅಂಗಡಿಯಿಂದ ಬಂದಿದ್ದು. ಯಾವುದು ಬ್ರೇಕು?"

ನಾನು ತೋರಿಸಿದೆ. ಮೊದಲ ಸಲ ಬಿದ್ದಳು. ಎರಡನೆಯ ಸಲ ತಿರುವಿಗೆ ಮೊದಲೇ ನಿಧಾನ ಮಾಡಿ, ತಿರುಗಿದ ಮೇಲೆ ಬಿಟ್ಟಳು. ಮೂರನೆಯ ಸಲ ಗುಡ್ಡ ದಾಟಿದಳು. ತುಟಿ ಬಿಗಿದುಕೊಂಡು, ಕಾರು ತಿರುಗಿದ ಕಡೆಗೇ ತಾನೂ ವಾಲುತ್ತಿದ್ದಳು, ಬಳೆಗಳು ಸದ್ದು ಮಾಡುತ್ತಿದ್ದವು. ಅಪ್ಪ ಮತ್ತೆ ಮುಂದಕ್ಕೆ ಸರಿದು ಕೂತರು. "ಎಡಕ್ಕೆ, ಎಡಕ್ಕೆ," ಎನ್ನತೊಡಗಿದರು. "ನಂಗೆ ಕಾಣುತ್ತೆ ರೀ," ಎಂದಳು ಅಮ್ಮ.

ಕೆಳಗೆ ಯಾರೋ ಬಾಗಿಲು ತಟ್ಟಿದರು. "ಸ್ವಾಮೀ, ಇದ್ದೀರಾ? ಹುಬ್ಬಳ್ಳಿಯಿಂದ ಬಂದೇವ್ರಿ," ಎಂದು ಹೆಂಗಸಿನ ದನಿ. ಅಪ್ಪ ಏಳಲು ಹೊರಟು, ಅಮ್ಮನ ಕಾರು ಇನ್ನೊಂದು ತಿರುವಿಗೆ ಬಂದದ್ದನ್ನು ನೋಡಿ ಅರ್ಧಕ್ಕೇ ನಿಂತರು.

"ಹೋಗಿ, ಕೂರಿಸಿ, ನೀರು ಕೊಡಿ," ಎಂದಳು ಅಮ್ಮ ಪರದೆಯಿಂದ ಕಣ್ಣು ತೆಗೆಯದೆ. "ಅಡುಗೆಗೆ ಎಷ್ಟು ಜನ ಅಂತ ಕೇಳಿ. ಇದೊಂದು ಸುತ್ತು ಮುಗಿಸಿ ಬರ್ತೀನಿ."